ಮೂಲೆಯಲ್ಲಿ ಹೊಲಿದ ಹೆಸರು

ಬೈಲಹೊಂಗಲದ ನಮ್ಮ ಮನೆಯಲ್ಲಿ ಒಂದು ಗೋಡೆ ಗಡಿಯಾರವಿತ್ತು. ಅದನ್ನು ನೋಡುವ ಅಗತ್ಯ ಯಾರಿಗೂ ಬೀಳುತ್ತಿರಲಿಲ್ಲ. ಅಪ್ಪನನ್ನು ನೋಡಿದರೆ ಸಾಕಿತ್ತು. ಅವರು ಹಿತ್ತಲ ಕಲ್ಲಿನ ಮೇಲೆ ಕುಳಿತು ಹಲ್ಲುಜ್ಜುತ್ತಿದ್ದರೆ ಐದೂವರೆ. ಹಣೆಗೆ ವಿಭೂತಿ ಹಚ್ಚಿ ಪೂಜೆಗೆ ಕುಳಿತಿದ್ದರೆ ಆರು. ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು, ಮುಂದೆ ಮರದ ಪೀಠದ ಮೇಲೆ ದಪ್ಪ ಪುರಾಣದ ಪುಸ್ತಕ ತೆರೆದಿಟ್ಟು ಓದತೊಡಗಿದರೆ ಆರೂವರೆ. ಏಳಕ್ಕೆ ಚಹಾ, ಏಳೂವರೆಗೆ ಬಿಸಿ ರೊಟ್ಟಿ, ಎಂಟಕ್ಕೆ ಅವರ ಕೊಡೆ ಗೂಟದಿಂದ ಇಳಿಯುತ್ತಿತ್ತು. ಊರಿನ ಗಂಡುಮಕ್ಕಳ ಶಾಲೆಯಲ್ಲಿ ಅವರು ಮಾಸ್ತರರು. ಮನೆಯನ್ನೂ ಒಂದು ತರಗತಿಯ ಹಾಗೆ ನಡೆಸುತ್ತಿದ್ದರು. ಮಣ್ಣಿನ ಮಾಳಿಗೆಯ ಆ ಮನೆಯಲ್ಲಿ ಪಡಸಾಲೆ, ನಡುಮನೆ, ಅಡುಗೆಮನೆ ಒಂದರ ಹಿಂದೆ ಒಂದು ಸಾಲಾಗಿ ಇದ್ದವು. ಹೊಸ್ತಿಲ ಬಳಿ ಚಪ್ಪಲಿಗಳೂ ಹಾಗೆಯೇ ಸಾಲಾಗಿ, ಮೂತಿ ಹೊರಗೆ ಮಾಡಿ ಇರಬೇಕಿತ್ತು. ನಾನು ಇವತ್ತಿಗೂ ಚಪ್ಪಲಿಯನ್ನು ಹಾಗೆಯೇ ಬಿಡುತ್ತೇನೆ. ಅಪ್ಪನಿಂದ ನಾನು ಕಲಿತದ್ದು ಬಹಳ. ಈ ಅಧ್ಯಾಯದಲ್ಲಿ ಬರೆಯುವುದು ನಾನು ಕಲಿಯದೆ ಉಳಿದದ್ದನ್ನು.

ಬೆಳಗಿನ ಓದಿಗೆ ಮನೆಯವರೆಲ್ಲ ಕೂಡಬೇಕು ಎಂಬುದು ನಿಯಮ. ಅವ್ವ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತ ಕುಳಿತಿರುತ್ತಿದ್ದಳು. ನಾನು ಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿ ಕುಳಿತಿರುತ್ತಿದ್ದೆ. ನನ್ನ ಪಕ್ಕದಲ್ಲಿ ಅಪ್ಪನ ಅಕ್ಕ, ನೀಲವ್ವ. ನಾವು ಅವಳನ್ನು ಅತ್ತಿ ಎಂದು ಕರೆಯುತ್ತಿದ್ದೆವು. ಬರವಣಿಗೆಯಲ್ಲಿ ಅತ್ತೆ ಎಂದು ತಿದ್ದಿದರೆ ಬೇರೆ ಯಾರೋ ಅನ್ನಿಸುತ್ತದೆ, ಆದ್ದರಿಂದ ಅತ್ತಿ ಎಂದೇ ಬರೆಯುತ್ತೇನೆ. ಅವಳನ್ನು ನೇಸರಗಿಗೆ ಮದುವೆ ಮಾಡಿಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಒಂದು ತಗಡಿನ ಟ್ರಂಕು ಹಿಡಿದುಕೊಂಡು ತಮ್ಮನ ಮನೆಗೆ ಬಂದಳು, ಮತ್ತೆ ಹೋಗಲಿಲ್ಲ. ಅವಳಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಆದರೆ ಅಪ್ಪ ಹಿಂದಿನ ದಿನ ಎಲ್ಲಿಗೆ ನಿಲ್ಲಿಸಿದ್ದರು, ಕಥೆಯ ಶರಣೆ ಬಾಗಿಲಲ್ಲಿ ನಿಂತು ಏನೆಂದಳು, ಎಲ್ಲವೂ ಅವಳಿಗೆ ನೆನಪಿರುತ್ತಿತ್ತು. ಪುಸ್ತಕದಲ್ಲಿ ಗುರುತು ಇಡುವ ಕೆಲಸವೂ ಅವಳದೇ. ಏಳಕ್ಕೆ ಅಪ್ಪ ಕನ್ನಡಕ ತೆಗೆಯುತ್ತಿದ್ದರು.

"ಇಲ್ಲಿಗೆ ಸಾಕು. ಅಕ್ಕಾ, ಗುರ್ತ ಇಡು."

"ಎಡಕ್ಕೋ ಬಲಕ್ಕೋ?"

"ಬಲಕ್ಕ."

ಅತ್ತಿ ಸೆರಗಿಗೆ ಕೈ ಒರೆಸಿಕೊಂಡು, ಎರಡೂ ಕೈಯಿಂದ ಬಟ್ಟೆಯ ಪಟ್ಟಿಯನ್ನು ಹಾಳೆಗಳ ನಡುವೆ ಮಲಗಿಸಿ ಪುಸ್ತಕ ಮುಚ್ಚುತ್ತಿದ್ದಳು. ಹಾಳೆಯ ಕಿವಿ ಮಡಚುವುದು ನಮ್ಮ ಮನೆಯಲ್ಲಿ ಸುಳ್ಳು ಹೇಳಿದಷ್ಟೇ ದೊಡ್ಡ ತಪ್ಪು. ಆದ್ದರಿಂದ ಪ್ರತಿ ಪುಸ್ತಕಕ್ಕೂ ಒಂದು ಗುರುತಿನ ಪಟ್ಟಿ ಇತ್ತು, ಎಲ್ಲವೂ ಅತ್ತಿ ಮಾಡಿದವು. ರಾಮದುರ್ಗದ ನೇಕಾರರ ಮಗ್ಗದಿಂದ ಬರುತ್ತಿದ್ದ ಬಿಳಿ ಬಟ್ಟೆಯ ಚೂರುಗಳನ್ನು ಬೆರಳಗಲ ಕತ್ತರಿಸಿ, ಎಳೆ ಎಣಿಸಿ ಕಸೂತಿ ಹಾಕುತ್ತಿದ್ದಳು. ನವಿಲು, ಆನೆ ಅಂಬಾರಿ, ಗೋಪುರ, ಜೋಳದ ತೆನೆ. ಅಂಚಿಗೆ ಹಳೆಯ ಖಣದ ದಡಿ. ಆಮೇಲೆ ಅನ್ನದ ಗಂಜಿಯಲ್ಲಿ ಅದ್ದಿ, ನೆರಳಲ್ಲಿ ಅರೆ ಒಣಗಿಸಿ, ಕೆಂಡ ತುಂಬಿದ ತಾಮ್ರದ ತಂಬಿಗೆಯ ತಳದಿಂದ ಒತ್ತಿ ಇಸ್ತ್ರಿ ಮಾಡುತ್ತಿದ್ದಳು. ಪಟ್ಟಿ ಎಲೆಯಂತೆ ಗಟ್ಟಿಯಾಗಿ ನಿಲ್ಲುತ್ತಿತ್ತು. ಕೆಳತುದಿಯ ಎಳೆಗಳನ್ನು ಬಿಡಿಸಿ ಸಣ್ಣ ಜಡೆ ಹೆಣೆದು ಗೊಂಡೆ ಕಟ್ಟಿದರೆ ಮುಗಿಯಿತು. ಪರೀಕ್ಷೆ ಹತ್ತಿರ ಬಂದಾಗ ಓಣಿಯ ಮಕ್ಕಳೆಲ್ಲ ಬಂದು ಒಂದೊಂದು ಇಸಿದುಕೊಂಡು ಹೋಗುತ್ತಿದ್ದರು. "ಅತ್ತಿ, ನವಿಲಿಂದ ಕೊಡ" ಅಂದವರಿಗೆ ಅವಳು, "ನವಲ ಇಟಗೊಂಡ್ರ ಓದಿದ್ದೆಲ್ಲಾ ಹಾರಿ ಹೊಕ್ಕೈತಿ, ಆನಿ ತಗೋ, ಹೊರತೈತಿ" ಎನ್ನುತ್ತಿದ್ದಳು.

ಕಸೂತಿಯ ಕಟ್ಟುನಿಟ್ಟು ನಮ್ಮ ಮನೆಗೆ ಒಪ್ಪುವಂಥದ್ದು. ಗವಂತಿ ಎನ್ನುವ ಹೊಲಿಗೆಯಲ್ಲಿ ಸೂಜಿ ಹೋಗುವಾಗ ನಡುನಡುವೆ ಜಾಗ ಬಿಟ್ಟು ಹೋಗುತ್ತದೆ, ತಿರುಗಿ ಬರುವಾಗ ಬಿಟ್ಟ ಜಾಗವನ್ನು ತುಂಬುತ್ತದೆ. ಎಲ್ಲಿಯೂ ಗಂಟು ಹಾಕುವಂತಿಲ್ಲ. ಮುಂದೆ ಹೇಗೋ ಹಿಂದೆಯೂ ಹಾಗೆಯೇ ಕಾಣಬೇಕು. ಒಂದು ಎಳೆ ತಪ್ಪಿ ಎಣಿಸಿದರೆ ಮರಳಿ ಬರುವ ದಾರಿ ಸಿಗುವುದಿಲ್ಲ. ಅತ್ತಿ ಲೆಕ್ಕ ಕಲಿತವಳಲ್ಲ, ಆದರೆ ಎಳೆ ಎಣಿಸುವುದರಲ್ಲಿ ಎಂದೂ ತಪ್ಪಿದವಳಲ್ಲ. ನಾನು ಲೆಕ್ಕದಲ್ಲಿ ತರಗತಿಗೇ ಮೊದಲು. ನನ್ನ ಎಳೆ ಮಾತ್ರ ಪ್ರತಿ ಸಲ ತಪ್ಪುತ್ತಿತ್ತು.

ನಾನು ಆರನೆಯ ಇಯತ್ತೆಯಲ್ಲಿದ್ದಾಗ ನಮ್ಮ ಹೆಣ್ಣುಮಕ್ಕಳ ಶಾಲೆಗೆ ಹೊಸದಾಗಿ ಪುಸ್ತಕಗಳ ಕಪಾಟು ಬಂತು. ಕೈಗೆಲಸ ಕಲಿಸುವ ಅಕ್ಕೋರು ಒಂದು ಕೆಲಸ ಹಚ್ಚಿದರು. ಪ್ರತಿ ಹುಡುಗಿ ಹನ್ನೆರಡು ಗುರುತಿನ ಪಟ್ಟಿ ಮಾಡಿ ತರಬೇಕು, ಪ್ರತಿ ಪಟ್ಟಿಯ ಕೆಳಗಿನ ಮೂಲೆಯಲ್ಲಿ ಮಾಡಿದವರ ಹೆಸರನ್ನು ದಾರದಿಂದ ಹೊಲಿಯಬೇಕು, ಪ್ರದರ್ಶನದ ದಿನ ಪಾಲಕರ ಎದುರು ಎಲ್ಲವನ್ನೂ ಇಡಬೇಕು, ಚೆಂದ ಬಂದವರಿಗೆ ಬಹುಮಾನ. ನಾನು ಅಂದು ಸಂಜೆಯೇ ಕುಳಿತೆ. ಮೂರು ದಿನಕ್ಕೆ ಒಂದು ಗೋಪುರ ಮುಗಿಸಿದೆ. ಮುಂಭಾಗ ಒಂದು ಹದಕ್ಕೆ ಬಂದಿತ್ತು. ಅಪ್ಪ ಅದನ್ನು ಕೈಗೆ ತೆಗೆದುಕೊಂಡು ನೇರವಾಗಿ ತಿರುಗಿಸಿದರು. ಯಾವ ಕೆಲಸವನ್ನು ತೋರಿಸಿದರೂ ಅವರು ಮೊದಲು ಹಿಂಬದಿಯನ್ನೇ ನೋಡುತ್ತಿದ್ದರು.

"ವಿಮಲಾ, ಇದರ ಬೆನ್ನ ನೋಡಿದಿ ಏನು?"

"ಮುಂದ ಛಲೋ ಐತಲ್ರಿ ಅಪ್ಪಾ."

"ಮುಂದ ಎಲ್ಲಾರದೂ ಛಲೋನ ಇರತೈತಿ."

ಪಟ್ಟಿಯನ್ನು ಮರಳಿ ನನ್ನ ಕೈಗಿಟ್ಟು ಅವರು ಶಾಲೆಯ ಮಕ್ಕಳ ವಹಿ ತಿದ್ದಲು ಹೋದರು. ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಕುಳಿತು ಗಂಟುಗಳನ್ನು ಕತ್ತರಿಸತೊಡಗಿದಾಗ ಅತ್ತಿ ಬಂದು ಇಣುಕಿದಳು.

"ಇದೇನ, ಗುಬ್ಬಿ ಗೂಡ ಕಟ್ಟೀಯೇನ ಬೆನ್ನಿಗೆ?"

"ನಗಬ್ಯಾಡ ಅತ್ತಿ. ಇಂಥಾವು ಹನ್ನೆರಡ ಆಗಬೇಕು. ನಂಗ ಬರೂದಿಲ್ಲ."

"ಅಳಬ್ಯಾಡ ನನ್ನವ್ವಾ. ಹನ್ನೆರಡ ಏನ ದೊಡ್ಡ ಮಾತು? ನಾ ಹಾಕಿಕೊಡತೇನಿ. ನಡೀತೈತೇನ ನಿಮ್ಮ ಸಾಲ್ಯಾಗ?"

ನಡೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. "ನಡೀತೈತಿ, ಮನ್ಯಾಗ ಯಾರ ಮಾಡಿದ್ರೂ ನಡೀತೈತಿ" ಎಂದೆ. ಮೊದಲನೆಯ ಸುಳ್ಳು ಇದು. ಇದು ಸಣ್ಣದು, ತರಗತಿಯ ಅರ್ಧ ಹುಡುಗಿಯರು ಇದೇ ಸುಳ್ಳನ್ನು ಹೇಳಿ ತಾಯಂದಿರಿಂದ ಮಾಡಿಸುತ್ತಿದ್ದರು. ಎರಡನೆಯದಕ್ಕೆ ನನಗೆ ಜೊತೆಗಾರರು ಇಲ್ಲ. ಅತ್ತಿ ಬಟ್ಟೆ ಕತ್ತರಿಸಿ, ದಾರ ಆರಿಸಿ, ಮೊದಲ ಆನೆಯ ಸೊಂಡಿಲು ಹಾಕುತ್ತಿದ್ದಾಗ ನಾನು ಉಳಿದ ಮಾತನ್ನು ಹೇಳಿದೆ.

"ಮೂಲ್ಯಾಗ ಹೆಸರ ಹೊಲೀಬೇಕಂತ ಅತ್ತಿ."

"ಯಾರ ಹೆಸರ?"

"ಮಾಡಿದವರದು."

ಸೂಜಿ ನಿಂತಿತು. ಅವಳು ತಲೆ ಎತ್ತಿ ನನ್ನನ್ನು ನೋಡಿದಳು.

"ಮಾಡಿದವರದೇನ? ಅಂದ್ರ, ನಂದು?"

ಆ ಮುಖವನ್ನು ನಾನು ಚೆನ್ನಾಗಿ ಬಲ್ಲೆ ಎಂದುಕೊಂಡಿದ್ದೆ. ನಗುವಾಗಲೂ ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಈಗ ಸೆರಗು ಬಿಟ್ಟು, ಹಲ್ಲು ಕಾಣುವ ಹಾಗೆ ನಕ್ಕಳು.

"ನಿಮ್ಮ ಅಕ್ಕೋರು ಭಾಳ ಶಾಣ್ಯಾರ ಇರಬೇಕು. ನನ್ನ ಹೆಸರ ನಾ ಇನ್ನೂತನಾ ನೋಡೇ ಇಲ್ಲವ್ವ. ಮದವಿ ಕಾಗದದಾಗ ಇತ್ತಂತ. ರೇಶನ್ ಕಾರ್ಡಿನ್ಯಾಗ ಐತಂತ. ಐತಂತ, ಅಷ್ಟ. ಯಾವ ಕಡಿ ಐತಿ, ಹೆಂಗ ಕಾಣತೈತಿ, ದೇವರಿಗೇ ಗೊತ್ತು. ಎಷ್ಟ ಅಕ್ಷರ ಆಕ್ಕಾವು?"

"ಮೂರು."

"ಮೂರಽ? ನಾ ಭಾಳ ಉದ್ದ ಇರಬೇಕ ಅನ್ಕೊಂಡಿದ್ನಿ. ಬರದ ಕೊಡು. ಎಳಿ ಎಣಿಸಾಕ ಬರೂ ಹಂಗ ಬರಿ."

"ಅತ್ತಿ, ನಿಂದಲ್ಲ, ನಂದು" ಎನ್ನಲು ಅದೇ ಕೊನೆಯ ಗಳಿಗೆ. ನಾನು ಅನ್ನಲಿಲ್ಲ. ಅವಳ ಸಂತೋಷವನ್ನು ಕೆಡಿಸಲು ಮನಸ್ಸು ಬರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸರಿಯಲ್ಲ. ಸಂತೋಷ ಕೆಡಿಸದಿರುವುದೇ ಉದ್ದೇಶವಾಗಿದ್ದರೆ ಅವಳ ಹೆಸರನ್ನೇ ಬರೆದುಕೊಡಬಹುದಿತ್ತು. ಬಹುಮಾನ ಹೋಗುತ್ತಿತ್ತು, ಅಷ್ಟೇ. ನನಗೆ ಅವಳ ನಗುವೂ ಬೇಕಾಗಿತ್ತು, ಬಹುಮಾನವೂ ಬೇಕಾಗಿತ್ತು, ಅಪ್ಪ ಪಟ್ಟಿಯನ್ನು ತಿರುಗಿಸಿ ನೋಡಿ ತಲೆಯಾಡಿಸುವುದೂ ಬೇಕಾಗಿತ್ತು. ಗಣಿತದ ವಹಿಯಿಂದ ಚೌಕಳಿ ಹಾಳೆಯೊಂದನ್ನು ನೀಟಾಗಿ ಹರಿದು, ಅಳತೆಪಟ್ಟಿ ಇಟ್ಟು, ದುಂಡನೆಯ ಅಕ್ಷರಗಳನ್ನು ಚೌಕಕ್ಕೆ ಹೊಂದಿಸಿ ಬರೆದೆ. ವಿಮಲಾ. ಇದರಲ್ಲಿಯೂ ಅಕ್ಷರ ಮೂರೇ. ಅಕ್ಷರದ ಮುಂಬದಿ ಯಾವುದೆಂದು ಅವಳಿಗೆ ತಿಳಿಯಲೆಂದು ಪ್ರತಿ ಪಟ್ಟಿಯ ಮೇಲ್ತುದಿಗೆ ಪೆನ್ಸಿಲ್ಲಿನಿಂದ ಒಂದು ಚುಕ್ಕೆಯನ್ನೂ ಇಟ್ಟೆ. ಮೋಸವನ್ನೂ ಅಚ್ಚುಕಟ್ಟಾಗಿಯೇ ಮಾಡಿದೆ.

"ಇದು ನೀ, ಇದು ಲ, ಇದು ವ್ವ" ಎಂದು ಒಂದೊಂದರ ಮೇಲೆ ಬೆರಳಿಟ್ಟು ತೋರಿಸಿದೆ. ಅವಳೂ ನನ್ನ ಹಿಂದೆ ಹಿಂದೆ ಬೆರಳಿಟ್ಟು, "ನೀ, ಲ, ವ್ವ" ಎಂದು ಮೆಲ್ಲಗೆ ಅಂದಳು. ಆಮೇಲೆ ಆ ಹಾಳೆಯನ್ನು ಕಣ್ಣಿಗೆ ಒತ್ತಿಕೊಂಡಳು.

ಹನ್ನೆರಡು ಪಟ್ಟಿಗೆ ಒಂದು ತಿಂಗಳು ಹಿಡಿಯಿತು. ಆ ತಿಂಗಳಲ್ಲಿ ಅತ್ತಿ ಬೇರೆಯೇ ಹೆಂಗಸಾದಳು. ರೊಟ್ಟಿ ಬಡಿಯುವಾಗ ಹಿಟ್ಟು ಹರವಿದ ಪರಾತದಲ್ಲಿ ಬೆರಳಾಡಿಸುತ್ತಿದ್ದಳು. ಒಲೆಯ ಬೂದಿಯ ಮೇಲೆ ಕಡ್ಡಿಯಿಂದ ಗೀರುತ್ತಿದ್ದಳು. ಸಂತೆಗೆ ಹೋದಾಗ ಅಂಗಡಿಯ ಫಲಕದ ಮೇಲಿನ ವಿ ಎಂಬ ಅಕ್ಷರವನ್ನು ತೋರಿಸಿ, "ನೋಡ ವಿಮಲಿ, ನನ್ನ ನೀ ಅಲ್ಲಿ ಕುಂತೈತಿ" ಎಂದಳು. ನಾನು ಹೂಂ ಎಂದೆ. ಬಟ್ಟೆ ಒಗೆಯುವ ಹೆಂಗಸರ ನಡುವೆ, "ನಂಗ ಸಹಿ ಬರತೈತಿ ಈಗ" ಎಂದು ಹೇಳಿಕೊಂಡದ್ದೂ ನನ್ನ ಕಿವಿಗೆ ಬಿತ್ತು. ಒಂದು ದಿನ ಅವ್ವ ಪರಾತದ ಹಿಟ್ಟಿನಲ್ಲಿ ಮೂಡಿದ್ದ ಅಕ್ಷರಗಳನ್ನು ನೋಡಿದಳು. ಅವ್ವ ಮೂರನೆಯ ಇಯತ್ತೆಯವರೆಗೆ ಓದಿದವಳು, ಕೂಡಿಸಿ ಕೂಡಿಸಿ ಓದಬಲ್ಲವಳು. ಅತ್ತಿ ಆಗ ನೀರಿಗೆ ಹೋಗಿದ್ದಳು.

"ನೋಡಿದಿ? ಜೀವಮಾನದಾಗ ಅಕ್ಷರ ಮುಟ್ಟದಾಕಿ ನಿನ್ನ ಹೆಸರ ಬರಿಯಾಕ ಕಲ್ತಾಳ. ಹೊಟ್ಟ್ಯಾಗ ಹುಟ್ಟಿದವರೂ ಇಷ್ಟ ಮಾಯಾ ಮಾಡೂದಿಲ್ಲ. ಆಕಿನ್ನ ಛಲೋ ನೋಡಕೋ ಮುಂದ."

ಆಗಲೂ ಹೇಳಬಹುದಿತ್ತು. ಹಿಟ್ಟನ್ನು ಅಂಗೈಯಿಂದ ಸವರಿ ಅಕ್ಷರ ಅಳಿಸಿ, "ಹೂಂ ಅವ್ವಾ, ನೋಡಕೋತೇನಿ" ಎಂದೆ. ಅವ್ವ ಇದನ್ನು ಅತ್ತಿಯ ಮುಂದೆ ಆಡಿದರೆ ಎಂಬ ಹೆದರಿಕೆ ಪ್ರದರ್ಶನದವರೆಗೂ ನನ್ನನ್ನು ಬಿಡಲಿಲ್ಲ. ಇಬ್ಬರೂ ಜೊತೆಯಲ್ಲಿ ಇರುವಾಗಲೆಲ್ಲ ನಾನು ನಡುವೆ ಹೋಗಿ ಕುಳಿತು ಬೇರೆ ಮಾತು ತೆಗೆಯುತ್ತಿದ್ದೆ. ಹುಡುಗಿ ಮನೆಗೆಲಸಕ್ಕೆ ಹೊಂದಿಕೊಳ್ಳುತ್ತಿದ್ದಾಳೆ ಎಂದು ಅವ್ವ ಸಂತೋಷಪಟ್ಟಳು.

ಪ್ರದರ್ಶನದ ದಿನ ಅತ್ತಿ ತನ್ನ ಟ್ರಂಕಿನಿಂದ ಇಳಕಲ್ಲ ಸೀರೆ ತೆಗೆದು ಉಟ್ಟಳು. ನಮ್ಮ ಮನೆಗೆ ಬಂದ ಮೇಲೆ ಒಮ್ಮೆಯೂ ಅವಳು ಅದನ್ನು ಉಟ್ಟಿರಲಿಲ್ಲ. ಅವಳು ಬರುವುದು ನನಗೆ ಬೇಡವಾಗಿತ್ತು. ಬಿಸಿಲು ಬಹಳ, ನಿಲ್ಲುವುದು ಬಹಳ, ಜನ ಬಹಳ ಎಂದು ಬೆಳಗಿನಿಂದ ಹೇಳಿ ನೋಡಿದೆ. "ನನ್ನ ಹೆಸರಿನ ಕಾರ್ಯಕ್ಕ ನಾನಽ ಬರಬಾರದೇನ?" ಎಂದು ಅವಳು ಹೊಸ್ತಿಲು ದಾಟಿದಳು. ಶಾಲೆಯ ದೊಡ್ಡ ಖೋಲಿಯಲ್ಲಿ ಬೆಂಚುಗಳನ್ನು ಕೂಡಿಸಿ ಬಿಳಿ ಬಟ್ಟೆ ಹಾಸಿ ಪಟ್ಟಿಗಳನ್ನು ಇಟ್ಟಿದ್ದರು. ಅಪ್ಪ ನನ್ನ ಸಾಲಿನ ಮುಂದೆ ನಿಂತರು. ಒಂದನ್ನು ಎತ್ತಿಕೊಂಡು ತಿರುಗಿಸಿದರು. ಇನ್ನೊಂದನ್ನು ತಿರುಗಿಸಿದರು. ಹನ್ನೆರಡನ್ನೂ ತಿರುಗಿಸಿ ನೋಡಿದರು. ಆಮೇಲೆ, ಮನೆಯಲ್ಲಿ ಎಂದೂ ಮಾಡದವರು, ಅಷ್ಟು ಜನರ ನಡುವೆ ನನ್ನ ಭುಜದ ಮೇಲೆ ಕೈ ಇಟ್ಟರು.

"ಬೆನ್ನು ಛಲೋ ಬಂದೈತಿ."

ಆ ಕೈಯ ಭಾರಕ್ಕಾಗಿ ನಾನು ಎಷ್ಟು ದಿನದಿಂದ ಕಾದಿದ್ದೆ ಎಂಬುದು ಅದು ಬಂದ ಮೇಲೆಯೇ ನನಗೆ ತಿಳಿಯಿತು. ಆದರೆ ಕಣ್ಣು ಬಾಗಿಲ ಕಡೆಗೇ ಇತ್ತು. ಅಲ್ಲಿ ಅಕ್ಕೋರು ಒಂದು ಮೇಜು ಹಾಕಿಕೊಂಡು ಕುಳಿತಿದ್ದರು. ಬಂದ ಪಾಲಕರು ರಜಿಸ್ಟರಿನಲ್ಲಿ ಸಹಿ ಮಾಡಬೇಕು, ಸಹಿ ಬಾರದವರಿಗೆ ಪಕ್ಕದಲ್ಲಿ ನೇರಳೆ ಮಸಿಯ ಡಬ್ಬಿ. ಅವ್ವ ತನ್ನ ಹೆಸರನ್ನು ಕಷ್ಟಪಟ್ಟು ಬರೆದು ಮುಂದೆ ಸರಿದಳು. ಹಿಂದೆ ಅತ್ತಿ.

"ಏನವ್ವಾ ನಿಮ್ಮ ಹೆಸರು? ಹೆಬ್ಬಟ್ಟ ಒತ್ತತೀರೇನು?" ಎಂದು ಅಕ್ಕೋರು ಡಬ್ಬಿಯ ಮುಚ್ಚಳ ತೆಗೆದರು.

"ನೀಲವ್ವ ಅಂತಾರ್ರಿ. ಹೆಬ್ಬಟ್ಟ ಬ್ಯಾಡ್ರಿ. ನಂಗ ಸಹಿ ಬರತೈತಿ."

ಅವಳು ಪೆನ್ನನ್ನು ಸೂಜಿ ಹಿಡಿದ ಹಾಗೆ ಹಿಡಿದಳು. ಬಾಗಿ, ಉಸಿರು ಬಿಗಿಹಿಡಿದು, ಚೌಕ ಚೌಕವಾಗಿ, ಒಂದು ಗೆರೆಯನ್ನೂ ಬಿಡದೆ ಮೂರು ಅಕ್ಷರ ಬರೆದಳು. ಹಿಂದೆ ಸಾಲು ನಿಂತಿತ್ತು. ಬರೆದು ಮುಗಿಸಿ ಅವಳು ನೆಟ್ಟಗೆ ನಿಂತು ಸುತ್ತಲೂ ನೋಡಿದಳು, ಮೊದಲು ತಮ್ಮನನ್ನು, ಆಮೇಲೆ ನನ್ನನ್ನು. ಅಕ್ಕೋರು ರಜಿಸ್ಟರನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

"ವಿಮಲಾ... ಇದೇನ್ರಿ, ವಿಮಲಾ ಅಂತ ಬರದೀರಿ? ನಿಮ್ಮ ಹೆಸರ ನೀಲವ್ವ ಅಂದ್ರಲಾ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಅತ್ತಿ ನಗುತ್ತಲೇ, "ಇಲ್ರಿ, ನೀಲವ್ವ ಅಂತ ಐತ್ರಿ. ನೀ, ಲ, ವ್ವ" ಎಂದು ಒಂದೊಂದರ ಮೇಲೆ ಬೆರಳಿಟ್ಟಳು. ಅಕ್ಕೋರು ತಲೆ ಎತ್ತಿ ನನ್ನನ್ನು ಕರೆದರು. ಮೇಜಿನ ಹತ್ತಿರ ಹೋದೆ. ಅಪ್ಪನ ಕೈ ನನ್ನ ಭುಜದಿಂದ ಯಾವಾಗ ಹೋಯಿತೋ ತಿಳಿಯಲಿಲ್ಲ.

"ವಿಮಲಾ, ಏನಿದು? ಇವರು ನಿಮ್ಮ ಮನಿಯವರಲಾ?"

ನನ್ನ ಮೂರನೆಯ ಸುಳ್ಳು ಇದು. ಯೋಚಿಸಿ ಹೇಳಿದ್ದಲ್ಲ. ಆದರೆ ಸಿದ್ಧವಾಗಿ ಇಟ್ಟುಕೊಂಡ ಹಾಗೆ ಬಾಯಿಂದ ಬಂತು. ಅವ್ವ ಹಿಟ್ಟಿನ ಮುಂದೆ ನಿಂತು ಆಡಿದ ಮಾತೇ ಅದಕ್ಕೆ ಆಧಾರವಾಯಿತು.

"ನಮ್ಮ ಅತ್ತ್ಯಾರ್ರಿ ಅಕ್ಕೋರ. ಓದಾಕ ಬರೂದಿಲ್ರಿ. ನನ್ನ ಹೆಸರ ಒಂದ ಬರಿಯಾಕ ಬರತೈತ್ರಿ. ನಾನಽ ಕಲಿಸೇನ್ರಿ."

ಅಕ್ಕೋರ ಮುಖ ಅರಳಿತು. ಅವರು ಒಳ್ಳೆಯವರು, ಎಲ್ಲದರಲ್ಲಿಯೂ ಒಳ್ಳೆಯದನ್ನೇ ಹುಡುಕುವವರು. ಎದ್ದು ನಿಂತು, ಖೋಲಿಯಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಈ ಹುಡುಗಿಯನ್ನು ನೋಡಿರಿ, ಹನ್ನೆರಡು ಪಟ್ಟಿಯನ್ನು ಒಂದೂ ಗಂಟಿಲ್ಲದೆ ಹೊಲಿದದ್ದಲ್ಲದೆ, ಅಕ್ಷರ ಬಾರದ ತನ್ನ ಸೋದರತ್ತೆಗೆ ಅಕ್ಷರವನ್ನೂ ಕಲಿಸಿದ್ದಾಳೆ. ಈ ತಾಯಿಯನ್ನೂ ನೋಡಿರಿ, ಕಲಿತ ಮೊದಲ ಹೆಸರು ತನ್ನದಲ್ಲ, ಸೋದರಸೊಸೆಯದು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವ್ವ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದಳು. ಅಪ್ಪ ತಟ್ಟಲಿಲ್ಲ.

ಆ ಚಪ್ಪಾಳೆಯ ನಡುವೆ ಅತ್ತಿ ರಜಿಸ್ಟರಿನ ಮೇಲಿನ ತನ್ನ ಬರಹವನ್ನು ನೋಡುತ್ತ ನಿಂತಿದ್ದಳು. ತಾನು ಒಂದು ತಿಂಗಳಿಂದ ಹಿಟ್ಟಿನಲ್ಲಿ, ಬೂದಿಯಲ್ಲಿ, ಬಟ್ಟೆಯಲ್ಲಿ ಬರೆದದ್ದು ಏನೆಂಬುದು ಅವಳಿಗೆ ತಿಳಿದದ್ದು ಹೀಗೆ, ನೂರು ಜನರ ಮುಂದೆ, ಚಪ್ಪಾಳೆಯ ನಡುವೆ. ಅವಳು ಒಂದೇ ಒಂದು ಮಾತು ಆಡಿದ್ದರೆ ನನ್ನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಸೆರಗನ್ನು ತಲೆಯ ಮೇಲೆ ಇನ್ನಷ್ಟು ಎಳೆದುಕೊಂಡು, ತಾನೇ ಹೆಬ್ಬೆರಳನ್ನು ಮಸಿಯ ಡಬ್ಬಿಯಲ್ಲಿ ಅದ್ದಿ, ಆ ಮೂರು ಅಕ್ಷರಗಳ ಪಕ್ಕದಲ್ಲಿ ಒತ್ತಿದಳು. ಉಳಿದ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡಳು. ಬಹುಮಾನ ನನಗೇ ಬಂತು. ಅದೊಂದು ಕಂಪಾಸ ಪೆಟ್ಟಿಗೆ. ಅದನ್ನು ನಾನು ಮೂರು ವರ್ಷ ಬಳಸಿದೆ. ಅದನ್ನೂ ಹೇಳಿಬಿಡುತ್ತೇನೆ.

ಮನೆಯಲ್ಲಿ ಯಾರೂ ಏನೂ ಕೇಳಲಿಲ್ಲ. ಸಂಜೆ ಅಪ್ಪ ಎಂದಿನ ಹೊತ್ತಿಗೆ ವಹಿ ತಿದ್ದಿದರು. ಅವರಿಗೆ ಎಲ್ಲವೂ ತಿಳಿದಿತ್ತು. ಅಕ್ಕನ ಕೈಯ ಹೊಲಿಗೆ ಅವರಿಗೆ ಗೊತ್ತು, ನನ್ನ ಗಂಟುಗಳೂ ಗೊತ್ತು, ಹನ್ನೆರಡು ಪಟ್ಟಿಯ ಬೆನ್ನು ನೋಡಿ ಅವರು ಒಂದು ಗಳಿಗೆ ನಂಬಬಯಸಿದ್ದರು, ಅಷ್ಟೇ. ಶಿಕ್ಷೆ ಕೊಡಲಿಲ್ಲ. ಅಂದಿನಿಂದ ಅವರು ನನ್ನ ಯಾವ ಕೆಲಸದ ಹಿಂಬದಿಯನ್ನೂ ತಿರುಗಿಸಿ ನೋಡಲಿಲ್ಲ. ನಾನು ಅಡುಗೆಮನೆಗೆ ಹೋಗಿ ಅತ್ತಿಯ ಪಕ್ಕ ಕುಳಿತೆ. ಅವಳು ಶೇಂಗಾ ಹುರಿಯುತ್ತಿದ್ದಳು. ಇಳಕಲ್ಲ ಸೀರೆ ಆಗಲೇ ಟ್ರಂಕಿಗೆ ಮರಳಿತ್ತು. ಹುರಿಯುತ್ತಲೇ ಅವಳು ಕೇಳಿದಳು.

"ನಂದು ಎಷ್ಟ ಅಕ್ಷರ, ಖರೇ ಹೇಳು."

"ಮೂರು."

"ಅಷ್ಟರ ಖರೇ ಹೇಳಿದಿ."

ಸಿಟ್ಟು ಇರಲಿಲ್ಲ ಆ ದನಿಯಲ್ಲಿ. ಪಾತ್ರೆಗೆ ಕೈ ಹಾಕಿ ನಾಲ್ಕು ಬಿಸಿ ಶೇಂಗಾ ತೆಗೆದು, ಊದಿ, ಸಿಪ್ಪೆ ಬಿಡಿಸಿ ನನ್ನ ಕೈಯಲ್ಲಿ ಹಾಕಿದಳು. ತಪ್ಪಾಯಿತು ಎನ್ನಬೇಕಿತ್ತು. ಶೇಂಗಾ ತಿಂದೆ. ಮರುದಿನ ಆರೂವರೆಗೆ ಎಂದಿನಂತೆ ಓದು ನಡೆಯಿತು, ಏಳಕ್ಕೆ ಅಪ್ಪ ಕನ್ನಡಕ ತೆಗೆದರು, ಅವಳು "ಎಡಕ್ಕೋ ಬಲಕ್ಕೋ" ಎಂದು ಕೇಳಿ ಗುರುತು ಇಟ್ಟಳು. ಅವಳು ಆಮೇಲೆಯೂ ಓಣಿಯ ಮಕ್ಕಳಿಗೆಲ್ಲ ಪಟ್ಟಿ ಮಾಡಿಕೊಟ್ಟಳು, ಆನೆ, ನವಿಲು, ಗೋಪುರ. ಅಕ್ಷರವನ್ನು ಮಾತ್ರ ಯಾರು ಕೇಳಿದರೂ ಹೊಲಿಯಲಿಲ್ಲ.

ನಾನು ಮಾಸ್ತರಿಕೆ ಹಿಡಿದೆ. ಕಿತ್ತೂರು ಕಡೆಯ ಹಳ್ಳಿಗಳಲ್ಲಿ, ಎಂ.ಕೆ. ಹುಬ್ಬಳ್ಳಿಯಲ್ಲಿ, ಕೊನೆಗೆ ಸವದತ್ತಿಯಲ್ಲಿ ಕೆಲಸ ಮಾಡಿದೆ. ಶಾಲೆ ಬಿಟ್ಟ ಮೇಲೆ ದೊಡ್ಡವರಿಗೆ ಅಕ್ಷರ ಕಲಿಸುವ ತರಗತಿಗಳನ್ನೂ ನಡೆಸಿದೆ. ಕಬ್ಬಿನ ಗದ್ದೆಯಿಂದ ನೇರವಾಗಿ ಬಂದು ಕುಳಿತ ಎಷ್ಟೋ ಹೆಂಗಸರ ಕೈ ಹಿಡಿದು ಅವರವರ ಹೆಸರನ್ನು ಬರೆಸಿದ್ದೇನೆ. ಬರೆದುಕೊಟ್ಟದ್ದನ್ನು ಪ್ರತಿ ಸಲ ಎರಡು ಬಾರಿ ಓದಿ ನೋಡುತ್ತಿದ್ದೆ. ಜನ ಅದನ್ನು ನನ್ನ ಶಿಸ್ತು ಎಂದರು. ಮೊದಲ ವರ್ಷದ ದೀಪಾವಳಿ ರಜೆಯಲ್ಲಿ ಹೊಸ ಪಾಟಿ, ಬಳಪ ತೆಗೆದುಕೊಂಡು ಬೈಲಹೊಂಗಲಕ್ಕೆ ಹೋದೆ. ಕಲಿಸಿಬಿಟ್ಟರೆ ಕ್ಷಮೆ ಕೇಳುವ ಅಗತ್ಯವೇ ಬೀಳುವುದಿಲ್ಲ ಎಂದು ಒಳಗೊಳಗೆ ಲೆಕ್ಕ ಹಾಕಿದ್ದೆ. ಅತ್ತಿ ಪಾಟಿಯನ್ನು ನೋಡಿದಳು, ಮುಟ್ಟಲಿಲ್ಲ.

"ಬ್ಯಾಡವ್ವ. ಹೆಬ್ಬಟ್ಟ ಆದ್ರ ಯಾರೂ ಬರದ ಕೊಡೂದ ಬೇಕಾಗೂದಿಲ್ಲ."

ಪಾಟಿಯನ್ನು ಚೀಲದಲ್ಲಿ ಮರಳಿ ಇಟ್ಟುಕೊಂಡೆ.

ಅಪ್ಪ, ಅವ್ವ ಹೋದ ಮೇಲೆ ಅತ್ತಿ ಸವದತ್ತಿಯಲ್ಲಿ ನನ್ನ ಜೊತೆಯೇ ಇದ್ದಳು, ತೀರ ಇತ್ತೀಚಿನವರೆಗೆ. ಅವಳಿಗೆ ಸರಕಾರದಿಂದ ಬರುತ್ತಿದ್ದ ವಿಧವೆಯರ ಪಗಾರಕ್ಕಾಗಿ ತಿಂಗಳಿಗೊಮ್ಮೆ ಅವಳನ್ನು ಬ್ಯಾಂಕಿಗೆ ಕರೆದುಕೊಂಡು ಹೋಗುತ್ತಿದ್ದೆ, ಹತ್ತು ಗಂಟೆಗೆ ಸರಿಯಾಗಿ, ಸಾಲು ಬೆಳೆಯುವ ಮೊದಲು. ಈಗ ಮಸಿಯ ಡಬ್ಬಿ ಇಲ್ಲ, ಬೆರಳು ಇಡುವ ಸಣ್ಣ ಯಂತ್ರ. ಅದು ಅವಳ ಹೆಬ್ಬೆರಳನ್ನು ಒಪ್ಪುತ್ತಿರಲಿಲ್ಲ. ವರ್ಷಗಟ್ಟಲೆ ರೊಟ್ಟಿ ಬಡಿದು, ಸೂಜಿ ಒತ್ತಿ ಬೆರಳಿನ ಗೆರೆಗಳು ಸವೆದು ಹೋಗಿದ್ದವು. ಒರೆಸಿ ಇಡಿ ಎನ್ನುತ್ತಿದ್ದರು. ನಾನು ನನ್ನ ಸೆರಗಿನಿಂದ ಒರೆಸಿ, ಅವಳ ಬೆರಳನ್ನು ನನ್ನ ಬೆರಳಿನಿಂದ ಒತ್ತಿ ಹಿಡಿಯುತ್ತಿದ್ದೆ. ಕೆಂಪು ದೀಪ. ಮತ್ತೆ ಒರೆಸುತ್ತಿದ್ದೆ. ಕೌಂಟರಿನಲ್ಲಿ ಕುಳಿತ ಗುಮಾಸ್ತ ಒಳ್ಳೆಯ ಮನುಷ್ಯ, ತಾಳ್ಮೆಯವನು. ಪ್ರತಿ ತಿಂಗಳೂ ಅದೇ ಮಾತು ಹೇಳುತ್ತಿದ್ದ.

"ಅಜ್ಜೀ, ಬಾಜೂಕ ಟೀಚರನ್ನ ಇಟಗೊಂಡು ಒಂದ ಸಹಿ ಕಲೀಲಿಲ್ಲೇನ್ರಿ ನೀವು?"

"ಕಲಿಸ್ಯಾಳ್ರಿ ಸಾಹೇಬ್ರ, ಭಾಳ ಛಲೋ ಕಲಿಸ್ಯಾಳ. ನಂಗಽ ಬರಲಿಲ್ಲ."

ಅವನು ನನ್ನ ಕಡೆ ನೋಡಿ ನಗುತ್ತಿದ್ದ. ನಾನೂ ನಗುತ್ತಿದ್ದೆ. ಎಷ್ಟು ತಿಂಗಳು ಹಾಗೆ ನಿಂತೆನೋ ಲೆಕ್ಕ ಇಟ್ಟಿಲ್ಲ. ಒಂದು ತಿಂಗಳೂ "ಅಲ್ರಿ" ಎನ್ನಲಿಲ್ಲ.